ಲೆಕ್ಕಕ್ಕೆ ಸಿಗುವ ಸಂಘ, ಕೆಲಸಕ್ಕೆ ಸಿಗುವ ಸಂಘ: ನಾಗರಿಕ ಸಮಾಜದ ಬಲ ಅಳೆಯುವ ಬಗ್ಗೆ ಓದುಗರ ಪ್ರಶ್ನೆಗಳು

ಒಂದು ದೇಶದ ಅಥವಾ ಒಂದು ತಾಲ್ಲೂಕಿನ ನಾಗರಿಕ ಸಮಾಜ, ಅಂದರೆ ಸರ್ಕಾರದ್ದೂ ಅಲ್ಲದ, ಲಾಭದ ವ್ಯಾಪಾರವೂ ಅಲ್ಲದ, ಜನ ತಾವಾಗಿ ಕಟ್ಟಿಕೊಂಡ ಸಂಘ-ಸಂಸ್ಥೆಗಳ ಲೋಕ, ಗಟ್ಟಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ವಿಷಯ ಕೇಳಿದ್ದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಬಿ.ಎ. ಅಂತಿಮ ವರ್ಷದವರಿಗೆ ‘ಭಾರತದ ನಾಗರಿಕ ಸಮಾಜ ಎಷ್ಟು ಬಲವಾಗಿದೆ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದೇನೆ. ಮಕ್ಕಳೆಲ್ಲ ‘30 ಲಕ್ಷಕ್ಕೂ ಹೆಚ್ಚು ಎನ್‌ಜಿಒಗಳಿವೆ, ಆದ್ದರಿಂದ ಬಹಳ ಬಲವಾಗಿದೆ’ ಎಂದು ಬರೆದು ತಂದಿದ್ದಾರೆ. ಇದಕ್ಕೆ ಎಷ್ಟು ಅಂಕ ಕೊಡಲಿ?
*ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾವೇರಿ*

ಸಂಖ್ಯೆ ಹುಡುಕಿದ್ದಕ್ಕೆ ಅಂಕ ಕೊಡಿ, ‘ಆದ್ದರಿಂದ’ ಎಂಬ ಪದಕ್ಕೆ ಕಳೆಯಿರಿ.

ಆ 30 ಲಕ್ಷದ ಮೂಲ ಕೇಂದ್ರ ಸಾಂಖ್ಯಿಕ ಸಂಸ್ಥೆಯ ಸಮೀಕ್ಷೆ. 2008ರವರೆಗೆ ದೇಶದಲ್ಲಿ ನೋಂದಣಿಯಾದ ಲಾಭರಹಿತ ಸಂಸ್ಥೆಗಳು ಸುಮಾರು 31.7 ಲಕ್ಷ ಎಂದು ಅದು ಲೆಕ್ಕ ಹಾಕಿತು. ವಿದ್ಯಾರ್ಥಿಗಳು ಓದದೆ ಬಿಡುವುದು ಅದೇ ಸಮೀಕ್ಷೆಯ ಎರಡನೇ ಹಂತವನ್ನು. ಆ ಹಂತದಲ್ಲಿ ಸಿಬ್ಬಂದಿ ಪಟ್ಟಿ ಹಿಡಿದು ಸುಮಾರು 22 ಲಕ್ಷ ವಿಳಾಸಗಳಿಗೆ ಹೋದರು. ಸಂಸ್ಥೆ ನಿಜವಾಗಿ ಸಿಕ್ಕಿದ್ದು ಸುಮಾರು 6.9 ಲಕ್ಷ ಕಡೆ, ಅಂದರೆ ಹತ್ತರಲ್ಲಿ ಮೂರು. ಮಿಕ್ಕವು ಪತ್ತೆಯಾಗಲಿಲ್ಲ.

ಹೀಗಾಗಲು ಕಾರಣ ಕಾನೂನಿನಲ್ಲೇ ಇದೆ. ಸಂಘ ಹುಟ್ಟುಹಾಕಲು ಏಳು ಜನ, ಒಂದು ಬೈಲಾ, ಒಂದಿಷ್ಟು ಶುಲ್ಕ ಸಾಕು. ಮುಚ್ಚಬೇಕೆಂದರೆ 1860ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನರ ಒಪ್ಪಿಗೆ ಬೇಕು, ಬಾಕಿ ತೀರಿಸಬೇಕು, ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳದೆ ಬೇರೊಂದು ಸಂಘಕ್ಕೆ ಕೊಡಬೇಕು. ಇಷ್ಟೆಲ್ಲ ಯಾರು ಮಾಡುತ್ತಾರೆ? ಬೋರ್ಡು ಇಳಿಸಿ ಸುಮ್ಮನಾಗುತ್ತಾರೆ. ಕಚೇರಿಯ ರಿಜಿಸ್ಟರಿನಲ್ಲಿ ಸಂಘ ಶಾಶ್ವತವಾಗಿ ಬದುಕಿರುತ್ತದೆ. ಜೊತೆಗೆ ಶಾಲೆ ತೆರೆಯಲು, ನಿವೇಶನ ಪಡೆಯಲು, ಯಾವುದೋ ಇಲಾಖೆಯ ಯೋಜನೆಗೆ ಅರ್ಜಿ ಹಾಕಲು ಮಾತ್ರ ಹುಟ್ಟಿದ ಸಂಘಗಳೂ ಇದೇ ಲೆಕ್ಕದಲ್ಲಿ ಸೇರಿವೆ.

ಇನ್ನೊಂದು ಕಡೆಯಿಂದಲೂ ಈ ಸಂಖ್ಯೆ ತಪ್ಪು. ಕಾರ್ಮಿಕ ಸಂಘಗಳು ಕಾರ್ಮಿಕ ಕಾನೂನಿನಡಿ, ಸಹಕಾರ ಸಂಘಗಳು ನಮ್ಮಲ್ಲಿ 1959ರ ಕಾಯ್ದೆಯಡಿ ಇರುವುದರಿಂದ ಅವು ಬೇರೆ ಬೇರೆ ಪಟ್ಟಿಗಳಲ್ಲಿ ಹಂಚಿಹೋಗಿವೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಅತಿ ಹಳೆಯ ಕೃಷಿ ಸಹಕಾರ ಸಂಘಗಳಲ್ಲೊಂದು ಹುಟ್ಟಿತು. ನಿಮ್ಮ ಪಕ್ಕದ ಜಿಲ್ಲೆಯ ಆ ಪರಂಪರೆ ಎನ್‌ಜಿಒ ಎಣಿಕೆಯಲ್ಲಿ ಕಾಣುವುದೇ ಇಲ್ಲ. ಎಲ್ಲೂ ನೋಂದಣಿಯಾಗದ ಕೆರೆ ಸಮಿತಿ, ಜಾತ್ರೆ ಕಮಿಟಿ, ಹಾಲು ಹಾಕುವ ಹೆಣ್ಣುಮಕ್ಕಳ ಗುಂಪುಗಳ ಮಾತು ಹಾಗಿರಲಿ.

ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಅದು ಏಕಾಏಕಿ ಕುಸಿದಾಗ. ನಿಕರಾಗುವಾದಲ್ಲಿ 2024ರ ಆಗಸ್ಟಿನಲ್ಲಿ ಸರ್ಕಾರ ಒಂದೇ ದಿನ 1,500 ಸಂಸ್ಥೆಗಳ ಮಾನ್ಯತೆ ರದ್ದು ಮಾಡಿತು. ಅದು ಆ ದೇಶದ ಬಗ್ಗೆ ಖಂಡಿತ ಏನನ್ನೋ ಹೇಳುತ್ತದೆ. ಆದರೆ ಹೆಚ್ಚಿದ ಸಂಖ್ಯೆ ತಾನಾಗಿ ಏನನ್ನೂ ಹೇಳದು.

ಸಿವಿಕಸ್, ವಿ-ಡೆಮ್, ಯುಎಸ್‌ಏಡ್ ಎಂದು ಮೂರು ಬಗೆಯ ಅಂಕಗಳು ಸಿಗುತ್ತವೆ. ಒಂದೇ ದೇಶಕ್ಕೆ ಒಂದೊಂದರಲ್ಲಿ ಒಂದೊಂದು ಚಿತ್ರ. ಯಾವುದನ್ನು ನಂಬಬೇಕು?
*ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ. ಸಂಶೋಧನಾ ವಿದ್ಯಾರ್ಥಿ, ಮಂಗಳೂರು*

ಮೂರೂ ಅಳೆಯುವುದು ಒಂದೇ ವಸ್ತುವನ್ನಲ್ಲ. ಅದು ಗೊತ್ತಾದರೆ ಅರ್ಧ ಗೊಂದಲ ತೀರುತ್ತದೆ.

ಸಿವಿಕಸ್ ಎಂದರೆ ಜೋಹಾನ್ಸ್‌ಬರ್ಗ್‌ನಲ್ಲಿ ಕೇಂದ್ರ ಕಚೇರಿ ಇರುವ, ನಾಗರಿಕ ಸಂಘಟನೆಗಳ ಜಾಗತಿಕ ಒಕ್ಕೂಟ. ಅದರ ಮಾನಿಟರ್ ನೋಡುವುದು ನಾಗರಿಕರಿಗೆ ಇರುವ ಅವಕಾಶವನ್ನು: ಸಂಘ ಕಟ್ಟುವುದು, ಶಾಂತಿಯುತವಾಗಿ ಸಭೆ ಸೇರುವುದು, ಮಾತಾಡುವುದು. ನೂರಕ್ಕೆ ಅಂಕ ಕೊಟ್ಟು ದೇಶಗಳನ್ನು ಐದು ಗುಂಪು ಮಾಡುತ್ತಾರೆ. 81ರಿಂದ ಮೇಲಿದ್ದರೆ ಮುಕ್ತ, 61ರಿಂದ 80 ಕಿರಿದಾದ, 41ರಿಂದ 60 ಅಡೆತಡೆಯ, 21ರಿಂದ 40 ದಮನಿತ, 20 ಮತ್ತು ಅದಕ್ಕಿಂತ ಕಡಿಮೆ ಎಂದರೆ ಮುಚ್ಚಿದ ದೇಶ. 2019ರ ಡಿಸೆಂಬರಿನಲ್ಲಿ ಭಾರತವನ್ನು ‘ಅಡೆತಡೆ’ಯಿಂದ ‘ದಮನಿತ’ಕ್ಕೆ ಇಳಿಸಿದರು. ಇದನ್ನು ‘ಭಾರತದ ನಾಗರಿಕ ಸಮಾಜ ದುರ್ಬಲ’ ಎಂದು ಓದಿದರೆ ತಪ್ಪು. ಅವಕಾಶ ಕಡಿಮೆಯಿದ್ದೂ ಗಟ್ಟಿಯಾಗಿ ನಿಂತ ಸಂಘಟನೆಗಳಿರುತ್ತವೆ. 2020–21ರಲ್ಲಿ ದೆಹಲಿಯ ಗಡಿಯಲ್ಲಿ ವರ್ಷಕ್ಕೂ ಮೀರಿ ಕೂತು ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ತೆಗೆಸಿದ ರೈತ ಸಂಘಟನೆಗಳು ಈ ‘ದಮನಿತ’ ವರ್ಗದ ದೇಶದವೇ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಯೋಜನೆಯ ನಾಗರಿಕ ಸಮಾಜ ಸೂಚ್ಯಂಕ ಸೊನ್ನೆಯಿಂದ ಒಂದರವರೆಗೆ ಹೋಗುತ್ತದೆ. ಅದರೊಳಗಿರುವುದು ಮೂರೇ ಪ್ರಶ್ನೆ: ಸಂಘಗಳ ಹುಟ್ಟು-ಸಾವಿನ ಮೇಲೆ ಸರ್ಕಾರದ ಹಿಡಿತ ಎಷ್ಟು, ಸಂಘಗಳನ್ನು ಸರ್ಕಾರ ಎಷ್ಟು ಹತ್ತಿಕ್ಕುತ್ತದೆ, ಸಾಮಾನ್ಯ ಜನ ಸಂಘಗಳಲ್ಲಿ ಎಷ್ಟು ಭಾಗವಹಿಸುತ್ತಾರೆ. ಮೂರನೆಯದು ಬಲು ಉಪಯುಕ್ತ. ಸಂಘಗಳೆಲ್ಲ ಸರ್ಕಾರಿ ಪ್ರಾಯೋಜಿತ ಎಂಬ ಸ್ಥಿತಿ ತಳದಲ್ಲಿದೆ. ‘ಬಗೆಬಗೆಯ ಸಂಘಗಳಿವೆ, ಆದರೆ ಜನರ ಭಾಗವಹಿಸುವಿಕೆ ತೀರಾ ಕಮ್ಮಿ’ ಎಂಬುದಕ್ಕೆ ಬೇರೆ ಮೆಟ್ಟಿಲು, ‘ಯಾವುದಾದರೂ ಒಂದು ಸಂಘದಲ್ಲಿ ಆಗೀಗ ತೊಡಗಿಕೊಳ್ಳುವುದು ಜನರಿಗೆ ಸಹಜ’ ಎಂಬುದಕ್ಕೆ ಅದರ ಮೇಲಿನ ಮೆಟ್ಟಿಲು. ನಮ್ಮ ಅನೇಕ ಜಿಲ್ಲಾ ಕೇಂದ್ರಗಳು ಇವೆರಡರ ನಡುವೆ ಸಿಕ್ಕಿಕೊಂಡಿವೆ. ಉತ್ತರ ಕೊಡುವವರು ಆಯಾ ದೇಶದ ತಜ್ಞರು. ಅವರ ಅಭಿಪ್ರಾಯಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡು ಪ್ರತಿ ಅಂಕದ ಜೊತೆ ಮೇಲೊಂದು ಕೆಳಗೊಂದು ಅಂಚು ಕೊಟ್ಟಿರುತ್ತಾರೆ. ಎರಡು ದೇಶಗಳ ಅಂಚುಗಳು ಒಂದರ ಮೇಲೊಂದು ಬಿದ್ದಿದ್ದರೆ ‘ಆ ದೇಶಕ್ಕಿಂತ ಈ ದೇಶ ಮುಂದೆ’ ಎಂದು ಬರೆಯಬೇಡಿ. ಪತ್ರಿಕೆಗಳ ತಲೆಬರಹಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 1997ರಿಂದ ನಡೆಸಿದ ಸೂಚ್ಯಂಕ ಕೇಳುತ್ತಿದ್ದುದು ಸಂಸ್ಥೆಗಳು ಬಾಳುತ್ತವೆಯೇ ಎಂದು. ಕಾನೂನು, ಸಂಘಟನಾ ಸಾಮರ್ಥ್ಯ, ಹಣಕಾಸು, ಹಕ್ಕೊತ್ತಾಯ, ಸೇವೆ, ತರಬೇತಿ-ಮಾಹಿತಿಯಂಥ ಬೆಂಬಲ ವ್ಯವಸ್ಥೆ, ಜನರ ಕಣ್ಣಲ್ಲಿ ಹೆಸರು ಎಂಬ ಏಳು ಬಾಬ್ತು. ಇಲ್ಲಿ 1 ಅತ್ಯುತ್ತಮ, 7 ಅತಿ ಕೆಟ್ಟದ್ದು. ಉಳಿದ ಎರಡಕ್ಕೆ ತದ್ವಿರುದ್ಧ ದಿಕ್ಕು. ಇದನ್ನು ಮರೆತು ಮೂರನ್ನೂ ಒಂದೇ ನಕ್ಷೆಯಲ್ಲಿ ಹಾಕಿದ ಪ್ರಬಂಧಗಳಿಗೆ ಕೊರತೆಯಿಲ್ಲ. ಯುಎಸ್‌ಏಡ್ ಸಂಸ್ಥೆಯೇ 2025ರಲ್ಲಿ ಬಾಗಿಲು ಹಾಕಿತು, ಆದ್ದರಿಂದ ಇದನ್ನು ಹಿಂದಿನ ವರ್ಷಗಳ ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ.

ನಮ್ಮ ಆಯ್ಕೆ ಕೇಳಿದರೆ, ಸಿವಿಕಸ್ ಮೊದಲು ನಡೆಸುತ್ತಿದ್ದ ನಾಗರಿಕ ಸಮಾಜ ಸೂಚ್ಯಂಕದ ವಿಧಾನವನ್ನು ಕಲಿಯಿರಿ. 2003–06ರ ಸುತ್ತಿನಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಬಳಸಿದವು. 74 ಸೂಚಕಗಳು, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು ನಾಲ್ಕು ಮುಖ: ರಚನೆ (ಎಷ್ಟು ಜನ, ಎಂಥ ಸಂಘಗಳು), ಪರಿಸರ (ಕಾನೂನು, ರಾಜಕೀಯದ ವಾತಾವರಣ), ಮೌಲ್ಯ (ಸಂಘಗಳು ಪಾಲಿಸುವ ನಡತೆ), ಪರಿಣಾಮ (ತಂದ ಬದಲಾವಣೆ). ನಾಲ್ಕನ್ನೂ ಕೂಡಿಸಿ ಒಂದೇ ಅಂಕ ಮಾಡುತ್ತಿರಲಿಲ್ಲ, ವಜ್ರದಾಕಾರದ ನಕ್ಷೆಯ ನಾಲ್ಕು ಮೂಲೆಗಳಲ್ಲಿ ಗುರುತಿಸುತ್ತಿದ್ದರು. ಅಂಕ ಕೊಡುತ್ತಿದ್ದುದು ಆಯಾ ದೇಶದವರದೇ ತಂಡ. ಕೂಡಿಸದೆ ಬಿಟ್ಟಿದ್ದೇ ಅದರ ಜಾಣತನ. 3, 1, 3, 1 ಬಂದ ದೇಶಕ್ಕೂ 2, 2, 2, 2 ಬಂದ ದೇಶಕ್ಕೂ ಸರಾಸರಿ ಎರಡೇ. ಮೊದಲನೆಯದಕ್ಕೆ ಬೇಕಾದ ಮದ್ದು ಬೇರೆ, ಎರಡನೆಯದಕ್ಕೆ ಬೇರೆ.

ನಮ್ಮ ತಾಲ್ಲೂಕಿನ ಸಂಘ-ಸಂಸ್ಥೆಗಳ ಸ್ಥಿತಿ ತಿಳಿಯಬೇಕೆಂದು ನಾಲ್ಕೈದು ಜನ ನಿವೃತ್ತರು ಹೊರಟಿದ್ದೇವೆ. ದುಡ್ಡಿಲ್ಲ, ಕಂಪ್ಯೂಟರ್ ಅಷ್ಟಾಗಿ ಬಾರದು. ಕ್ರಮವಾಗಿ ಮಾಡುವುದು ಹೇಗೆ?
*ನಿವೃತ್ತ ಶಿಕ್ಷಕರು, ಶಿರಸಿ*

ನಾಲ್ಕು ಜನ, ಮೂರು ತಿಂಗಳು, ಎರಡು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ಪಟ್ಟಿ. ನಮ್ಮ ರಾಜ್ಯದಲ್ಲಿ ಸಂಘಗಳ ನೋಂದಣಿ ನೋಡಿಕೊಳ್ಳುವುದು ಸಹಕಾರ ಇಲಾಖೆ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹೀಗಾಗಿ ಪೀಠಿಕೆ ಹಾಕದೆ ನೇರವಾಗಿ ಕೇಳಿ: ‘ತಾಲ್ಲೂಕಿನಲ್ಲಿ ನೋಂದಣಿಯಾದ ಸಂಘಗಳ ಹೆಸರು, ವಿಳಾಸ, ನೋಂದಣಿ ವರ್ಷ, ವಾರ್ಷಿಕ ಲೆಕ್ಕಪತ್ರ ಕೊನೆಯ ಬಾರಿ ಸಲ್ಲಿಸಿದ ವರ್ಷ.’ ಈ ಕೊನೆಯ ಕಲಂ ಒಂದರಿಂದಲೇ ಅರ್ಧ ಕಥೆ ಹೊರಬೀಳುತ್ತದೆ.

ಆಮೇಲೆ ಆಯ್ಕೆ. ಪಟ್ಟಿಯಲ್ಲಿ 420 ಹೆಸರಿದ್ದು ನಿಮ್ಮಿಂದ 60 ಕಡೆ ಹೋಗಲು ಸಾಧ್ಯ ಎನ್ನಿ. ಒಂದರಿಂದ ಏಳರೊಳಗೆ ಚೀಟಿ ಎತ್ತಿ ಒಂದು ಸಂಖ್ಯೆ ಆರಿಸಿ, ಅಲ್ಲಿಂದ ಪ್ರತಿ ಏಳನೆಯದನ್ನು ಗುರುತು ಹಾಕಿ. ಪರಿಚಯದವರ ಸಂಘ ಬಿಟ್ಟುಹೋಯಿತೆಂದು ಸೇರಿಸಬೇಡಿ, ದೂರದ ಹೋಬಳಿಯದೆಂದು ಬಿಡಬೇಡಿ. ಸಿಗದ ಸಂಘದ ಬದಲಿಗೆ ಪಕ್ಕದ್ದನ್ನು ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಸಿಗದಿರುವುದೇ ಒಂದು ಫಲಿತಾಂಶ. ಪ್ರತಿ ಹೆಸರಿನ ಮುಂದೆ ನಾಲ್ಕರಲ್ಲಿ ಒಂದು ಗುರುತು ಬರಲಿ: ಕೆಲಸ ಮಾಡುತ್ತಿದೆ, ಮಲಗಿದೆ, ಬೇರೆಡೆ ಹೋಗಿದೆ, ಪತ್ತೆಯಿಲ್ಲ. ಅರವತ್ತರಲ್ಲಿ 24 ಕೆಲಸ ಮಾಡುತ್ತಿದ್ದರೆ ಶೇ 40 ಆಯಿತು. ಇಷ್ಟು ಸಣ್ಣ ಮಾದರಿಯಲ್ಲಿ ಅದು ಸುಮಾರು 12 ಅಂಶ ಆಚೀಚೆ ಇರಬಹುದು. ವರದಿಯಲ್ಲಿ ‘ಶೇ 28ರಿಂದ 52ರ ನಡುವೆ’ ಎಂದೇ ಬರೆಯಿರಿ.

ನೋಂದಣಿಯಾಗದ ಗುಂಪುಗಳಿಗೆ ಬೇರೆ ದಾರಿ. ಪ್ರತಿ ಹೋಬಳಿಯಲ್ಲಿ ಐದು ಜನರನ್ನು ಕೇಳಿ: ಆಶಾ ಕಾರ್ಯಕರ್ತೆ, ಹಾಲಿನ ಡೇರಿ ಕಾರ್ಯದರ್ಶಿ, ಹೋಟೆಲಿನವರು, ಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬ ಕೂಲಿ ಕೆಲಸದ ಹೆಂಗಸು. ‘ಊರಿಗೆ ತೊಂದರೆ ಬಂದಾಗ ಯಾರು ಸೇರುತ್ತಾರೆ?’ ಎಂದು ಕೇಳಿ. ‘ಇಲ್ಲಿ ಎನ್‌ಜಿಒ ಯಾವುದಿದೆ?’ ಎಂದರೆ ದೊಡ್ಡ ಕಟ್ಟಡ ಇರುವವರ ಹೆಸರು ಮಾತ್ರ ಬರುತ್ತದೆ.

ಇನ್ನು ಸಂಘದ ಒಳಗೆ. ಅಧ್ಯಕ್ಷರ ಮಾತಿಗಿಂತ ಮೂರು ಪುಸ್ತಕ ನಂಬಿ: ನಡಾವಳಿ, ರಸೀದಿ, ಪಾಸ್‌ಬುಕ್. ನಡಾವಳಿ ಪುಸ್ತಕದಲ್ಲಿ ವರ್ಷದ ಎಲ್ಲ ಸಭೆಗಳೂ ಒಂದೇ ಮಸಿ, ಒಂದೇ ಅಕ್ಷರದಲ್ಲಿವೆಯೇ? ಪ್ರತಿ ಸಭೆಗೂ ಕೋರಂಗೆ ಬೇಕಾದಷ್ಟೇ ಸಹಿ, ಒಂದೂ ಹೆಚ್ಚಿಲ್ಲ ಕಮ್ಮಿಯಿಲ್ಲ ಎಂಬಂತಿದೆಯೇ? ಹಾಗಿದ್ದರೆ ಅದನ್ನು ಆಡಿಟ್‌ಗೆ ಮುಂಚೆ ಒಂದೇ ಸಂಜೆ ಕೂತು ಬರೆದಿರುತ್ತಾರೆ. ನಿಜವಾದ ಸಭೆಯ ನಡಾವಳಿಯಲ್ಲಿ ಹೊಡೆದುಹಾಕಿದ ಸಾಲು ಇರುತ್ತದೆ, ಒಬ್ಬರ ಆಕ್ಷೇಪಣೆ ಇರುತ್ತದೆ, ಮುಂದೂಡಿದ ವಿಷಯ ಇರುತ್ತದೆ. ಗಲಾಟೆಯ ಗುರುತೇ ಇಲ್ಲದ ನಡಾವಳಿ ಕಂಡರೆ ಅನುಮಾನಪಡಿ.

ರಸೀದಿ ಪುಸ್ತಕದಿಂದ ಒಂದು ಸರಳ ಲೆಕ್ಕ ಮಾಡಿ: ವರ್ಷದ ಒಟ್ಟು ಆದಾಯದಲ್ಲಿ ಅತಿ ದೊಡ್ಡ ಒಬ್ಬ ದಾನಿಯ ಪಾಲೆಷ್ಟು? 8 ಲಕ್ಷದಲ್ಲಿ 6 ಲಕ್ಷ ಒಬ್ಬರಿಂದಲೇ ಬಂದಿದ್ದರೆ ಶೇ 75. ಅರ್ಧ ದಾಟಿತೆಂದರೆ ಆ ದಾನಿ, ಅದು ಇಲಾಖೆಯೇ ಇರಲಿ ಶಾಸಕರೇ ಇರಲಿ, ಬೇಡವೆಂದ ದಿನ ಸಂಘ ನಿಲ್ಲುತ್ತದೆ. ಐವತ್ತು ರೂಪಾಯಿಯ ಇನ್ನೂರು ರಸೀದಿ ಹರಿದ ಸಂಘದ ಆದಾಯ ಬರೀ 10 ಸಾವಿರ, ಆದರೆ ಅದರ ಹಿಂದೆ ಇನ್ನೂರು ಮನೆಗಳಿವೆ.

ಅಂಕ ಕೊಡಲು ಮೇಲೆ ಹೇಳಿದ ನಾಲ್ಕು ಮುಖಗಳಿಗೂ ಪ್ರಶ್ನೆ ಮಾಡಿಕೊಂಡು, ಪ್ರತಿ ಪ್ರಶ್ನೆಗೂ 0, 1, 2, 3 ಎಂದರೆ ಏನು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ‘ಚೆನ್ನಾಗಿದೆ, ಪರವಾಗಿಲ್ಲ’ ಎಂಬ ಅಳತೆ ನಡೆಯದು. ಸರ್ಕಾರವನ್ನು ಕೇಳುವ ಶಕ್ತಿಗೆ ಮೆಟ್ಟಿಲುಗಳು ಹೀಗಿರಬಹುದು: ಎರಡು ವರ್ಷದಲ್ಲಿ ಲಿಖಿತವಾಗಿ ಏನನ್ನೂ ಕೇಳಿಲ್ಲ, 0. ತಹಶೀಲ್ದಾರರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡಿದ್ದಾರೆ, ಅಷ್ಟೇ, 1. ಬೆನ್ನು ಬಿದ್ದು ಹಿಂಬರಹ ಪಡೆದಿದ್ದಾರೆ, 2. ಉತ್ತರ ಒಪ್ಪಿಗೆಯಾಗದೆ ಮೇಲ್ಮನವಿ ಹೋಗಿದ್ದಾರೆ ಅಥವಾ ಆದೇಶವನ್ನೇ ಬದಲಾಯಿಸಿದ್ದಾರೆ, 3. ಪುರಾವೆಯ ಕಾಗದ ನೋಡದೆ ಎರಡು-ಮೂರು ಕೊಡಬೇಡಿ. ಹೆಂಗಸರ ಸ್ಥಾನಕ್ಕೂ ಹೀಗೆಯೇ: ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿದರೆ ಎಲ್ಲರಿಗೂ ಪೂರ್ಣಾಂಕ ಬರುತ್ತದೆ. ಚೆಕ್ಕಿಗೆ ಸಹಿ ಹಾಕುವವರು ಯಾರು ಎಂದು ನೋಡಿ.

ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿ. ವ್ಯತ್ಯಾಸ ಒಂದಾದರೆ ಬಿಡಿ; ಎರಡಾದರೆ ಕಾಗದ ಮುಂದಿಟ್ಟುಕೊಂಡು ಚರ್ಚಿಸಿ, ಬದಲಾಯಿಸಿದ ಕಾರಣ ಬರೆದಿಡಿ. ನಿಮ್ಮಲ್ಲಿ ಯಾರಾದರೂ ಆ ಸಂಘದ ಸದಸ್ಯರಿದ್ದರೆ ಅವರು ಅದಕ್ಕೆ ಅಂಕ ಹಾಕುವಂತಿಲ್ಲ. ನಿವೃತ್ತ ಮೇಷ್ಟ್ರುಗಳ ತಂಡಕ್ಕೆ ಇನ್ನೊಂದು ಅಪಾಯವೂ ಇದೆ: ಉತ್ತರ ಹೇಳುವವರು ನಿಮ್ಮ ಹಳೆಯ ವಿದ್ಯಾರ್ಥಿಗಳು. ಕಾಫಿ ಕೊಟ್ಟು, ‘ಎಲ್ಲ ಚೆನ್ನಾಗಿ ನಡೀತಿದೆ ಸಾರ್’ ಎನ್ನುತ್ತಾರೆ. ಅದಕ್ಕೇ ಪುಸ್ತಕ ನೋಡಿ ಎಂದದ್ದು.

ಊಟ, ವಸತಿ, ಆಸ್ಪತ್ರೆ, ಶಾಲೆ ನಡೆಸುವ ಮಠಗಳು, ಟ್ರಸ್ಟುಗಳು ನಮ್ಮಲ್ಲಿ ಇಷ್ಟೊಂದಿವೆ. ಅವುಗಳನ್ನು ಎಣಿಸದೆ, ಧರಣಿ ಕೂರುವವರನ್ನು ಮಾತ್ರ ನಾಗರಿಕ ಸಮಾಜ ಎನ್ನುವುದು ಸರಿಯೇ?
*ತುಮಕೂರಿನ ಓದುಗರು*

ಖಂಡಿತ ಸರಿಯಲ್ಲ. ವಿಶ್ವಸಂಸ್ಥೆಯ 2003ರ ಲೆಕ್ಕಪತ್ರ ಕೈಪಿಡಿಯಲ್ಲಿ ಐದು ಗುಣ ಹೇಳಿದೆ: ಸಂಘಟಿತವಾಗಿರಬೇಕು, ಲಾಭ ಹಂಚಬಾರದು, ಸರ್ಕಾರದಿಂದ ಬೇರೆಯಾಗಿರಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ಸೇರುವುದು ಕಡ್ಡಾಯವಾಗಿರಬಾರದು. ದಾಸೋಹ ನಡೆಸುವ ಮಠವೂ ಅದರೊಳಗೆ ಬರುತ್ತದೆ, 1916ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆಯೂ ಬರುತ್ತದೆ.

ಆದರೆ ಸೇವೆಗೂ ಹಕ್ಕೊತ್ತಾಯಕ್ಕೂ ಬೇರೆ ಬೇರೆ ಕಲಂ ಇರಲಿ. ಬಾಂಗ್ಲಾದೇಶವನ್ನು ನೋಡಿ. 1972ರಲ್ಲಿ ಹುಟ್ಟಿದ ಬ್ರಾಕ್ ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದು. ಭೇದಿಗೆ ಬೆಲ್ಲ-ಉಪ್ಪಿನ ನೀರು ಕಲಸಿ ಕುಡಿಸುವುದನ್ನು ಮನೆಮನೆಗೆ ಹೋಗಿ ಕಲಿಸಿದವರು ಅವರು. ಸೇವೆಯ ಕಲಂನಲ್ಲಿ ಆ ದೇಶಕ್ಕೆ ಪೂರ್ಣ ಅಂಕ. ಆದರೆ 2024ರಲ್ಲಿ ಸರ್ಕಾರವನ್ನು ಅಲುಗಾಡಿಸಿದ್ದು ಈ ದೊಡ್ಡ ಸಂಸ್ಥೆಗಳಲ್ಲ, ವಿದ್ಯಾರ್ಥಿಗಳ ಚಳವಳಿ. ಎರಡನ್ನೂ ಒಂದೇ ಕಲಂನಲ್ಲಿ ಹಾಕಿದ್ದರೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ.

ಪರಿಣಾಮದ ಕಲಂ ತುಂಬುವಾಗಲೂ ಎಚ್ಚರ ಬೇಕು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆಗೆ ಸರ್ಕಾರ ಹೊರಟಿತ್ತು. ಅಂದಾಜು 1,791 ಕೋಟಿ ರೂಪಾಯಿ, 812 ಮರಗಳಿಗೆ ಕೊಡಲಿ. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಹಿಡಿದು ನಿಂತರು, 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು. ‘ಜನರೇ ಗೆದ್ದರು’ ಎಂದು ಮೂರು ಅಂಕ ಹಾಕುವ ಮೊದಲು ದಿನಾಂಕಗಳ ಪಟ್ಟಿ ಮಾಡಿ. ನಡುವೆ ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಇದೆ, ಲಂಚದ ಆರೋಪ ಹೊರಿಸಿದ ವಿರೋಧ ಪಕ್ಷವಿದೆ. ಬಳ್ಳಾರಿ ಗಣಿ ಪ್ರಕರಣದಲ್ಲೂ ಹಾಗೆಯೇ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈಯಲ್ಲಿ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಅದೇ ಸುಮಾರಿಗೆ ಲೋಕಾಯುಕ್ತರ ವರದಿಯೂ ಬಂತು. ಸಂಘಟನೆಯ ಪಾಲು ಎಷ್ಟು ಎಂದು ಹೇಳಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರು ಕಾಗದ ಸಂಗ್ರಹಿಸಿ ಕೊಡದಿದ್ದರೆ ಉಳಿದವರು ಅದೇ ಹೊತ್ತಿಗೆ ಅಲ್ಲಿಗೆ ತಲುಪುತ್ತಿದ್ದರೇ? ಬಳ್ಳಾರಿಯ ವಿಷಯದಲ್ಲಿ ಇಲ್ಲ ಎನ್ನಲು ಧೈರ್ಯವಾಗಿ ಸಾಧ್ಯ. ಇದೇ ಸಂಘಟನೆಗೆ 1980ರ ದಶಕದಲ್ಲಿ ಊರಿನ ಸಾಮೂಹಿಕ ಭೂಮಿ ಉಳಿಸಲು ನಡೆದ ಕುಸನೂರು ಸತ್ಯಾಗ್ರಹದ ಕಾಲದಿಂದ ಕೋರ್ಟು, ಕಡತಗಳ ಅಭ್ಯಾಸವಿತ್ತು. ಸೇತುವೆಯ ವಿರೋಧಕ್ಕೆ ಕೂಡಿದ ಜನರಿಗೆ ಅಂಥ ಬೆನ್ನೆಲುಬು ಇರಲಿಲ್ಲ. ಅವರ ವೇಗಕ್ಕೆ ಒಂದು ಅಂಕ, ಬಾಳಿಕೆಗೆ ಬೇರೆ ಅಂಕ.

ವಿದೇಶಿ ದೇಣಿಗೆ ನಿಂತ ಕೂಡಲೇ ಮುಚ್ಚಿಹೋಗುವ ಸಂಸ್ಥೆ ಮೊದಲೇ ದುರ್ಬಲವಲ್ಲವೇ? ಅದಕ್ಕೆ ಕಾನೂನನ್ನು ದೂರುವುದು ಏಕೆ?
*ಲೆಕ್ಕಪರಿಶೋಧಕರು, ರಾಯಚೂರು*

ಅರ್ಧ ನಿಜ. ಒಬ್ಬ ದಾನಿಯ ಮೇಲೆ ನಿಂತದ್ದು ದೌರ್ಬಲ್ಯವೇ, ಮೇಲೆ ಹೇಳಿದ ಶೇ 50ರ ಲೆಕ್ಕ ಅದಕ್ಕೇ. ಆದರೆ ಎರಡು ಕಲಂಗಳನ್ನು ಬೆರೆಸಬೇಡಿ. ಸಂಸ್ಥೆಯ ಹಣಕಾಸು ಒಂದು, ಅದು ಬದುಕುವ ಕಾನೂನಿನ ವಾತಾವರಣ ಇನ್ನೊಂದು.

2020ರ ತಿದ್ದುಪಡಿ ವಿದೇಶಿ ವಂತಿಗೆ ಕಾಯ್ದೆಯಲ್ಲಿ ಮಾಡಿದ ಬದಲಾವಣೆಗಳು ನಿಮಗೆ ಗೊತ್ತಿರುವುದೇ: ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು, ಹಣವೆಲ್ಲ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕಾಯಿತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದು ನಿಷಿದ್ಧವಾಯಿತು. 2022ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮೂರನೆಯದರ ಪೆಟ್ಟು ಬಿದ್ದದ್ದು ರಾಯಚೂರು, ಯಾದಗಿರಿಯಂಥ ಕಡೆಯ ಸಣ್ಣವರಿಗೆ. ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆ ಅರ್ಜಿ ಬರೆದು ಹಣ ತಂದು, ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಹಂಚುವ ಏರ್ಪಾಡು ಅಲ್ಲಿಗೆ ಮುಗಿಯಿತು. ಆಡಳಿತ ವೆಚ್ಚದ ಮಿತಿ ಕೂಡ ಕಾಗದದ ಮೇಲೆ ಚೆಂದ. ಕಂಬಳಿ ಹಂಚುವವರಿಗೆ ಶೇ 20 ಧಾರಾಳ. ವಕೀಲರು, ಸಂಶೋಧಕರು, ತರಬೇತುದಾರರ ಸಂಬಳವೇ ಕೆಲಸವಾಗಿರುವವರಿಗೆ ಅದು ಉಸಿರು ಕಟ್ಟಿಸುತ್ತದೆ. ಈ ಕಾಯ್ದೆಯಡಿ ಹೊಸದಾಗಿ ನೋಂದಣಿ ಬೇಕೆಂದರೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು.

ದೇಶದೊಳಗಿನ ಹಣ ಆ ಜಾಗ ತುಂಬುತ್ತದೆಯೇ? 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ತೆಗೆದಿಡುತ್ತದೆ. ಏಳನೇ ಅನುಸೂಚಿಯಲ್ಲಿ ಶಾಲೆ, ಆರೋಗ್ಯ, ನೈರ್ಮಲ್ಯ, ಪರಿಸರ ಎಲ್ಲ ಇವೆ. ಆದರೆ ಶಾಲಾ ಬ್ಯಾಗಿಗೆ ಹಣ ಕೊಡುವ ಕಂಪನಿ, ಶಾಲೆಗೆ ಶಿಕ್ಷಕರು ಏಕಿಲ್ಲ ಎಂದು ಕೇಳುವವರಿಗೆ ಕೊಡುವುದು ಅಪರೂಪ. ಆದ್ದರಿಂದ ನಿಮ್ಮ ವರದಿಯಲ್ಲಿ ‘ಹಣ ಬಂತೇ’ ಎನ್ನುವುದರ ಜೊತೆ ‘ಯಾವ ಕೆಲಸಕ್ಕೆ ಬಂತು’ ಎಂಬ ಸಾಲು ಸೇರಿಸಿ.

ಹಂಗರಿಯ ಉದಾಹರಣೆ ಇಲ್ಲಿ ಪಾಠ. ವಿದೇಶಿ ಹಣ ಪಡೆಯುವ ಸಂಸ್ಥೆಗಳು ಹಾಗೆಂದು ಬೋರ್ಡು ಹಾಕಿಕೊಳ್ಳಬೇಕು ಎಂಬ 2017ರ ಕಾನೂನನ್ನು ಐರೋಪ್ಯ ನ್ಯಾಯಾಲಯ 2020ರಲ್ಲಿ ಒಪ್ಪಲಿಲ್ಲ, ಮರುವರ್ಷ ಅದು ರದ್ದಾಯಿತು. ಆದರೆ ಅದೇ ದೇಶದಲ್ಲಿ 1990ರ ದಶಕದಿಂದಲೇ ತೆರಿಗೆದಾರ ತನ್ನ ಆದಾಯ ತೆರಿಗೆಯ ಶೇ 1ನ್ನು ತನಗೆ ಬೇಕಾದ ಸಂಸ್ಥೆಗೆ ಕೊಡಿಸುವ ವ್ಯವಸ್ಥೆಯೂ ಇದೆ. ಒಂದೇ ಸರ್ಕಾರದ ಒಂದು ಕೈ ಕಿತ್ತುಕೊಂಡಾಗ ಇನ್ನೊಂದು ಕೈ ಏನು ಮಾಡುತ್ತಿದೆ ಎಂದೂ ನೋಡಬೇಕು.

ಬಹರೈನ್‌ನಲ್ಲಿ ನಮ್ಮ ಕನ್ನಡ ಸಂಘ ಚಟುವಟಿಕೆಯಿಂದ ಕೂಡಿದೆ. ಆದರೂ ಕೊಲ್ಲಿ ದೇಶಗಳಿಗೆ ಎಲ್ಲ ಸೂಚ್ಯಂಕಗಳಲ್ಲೂ ತೀರಾ ಕಡಿಮೆ ಅಂಕ. ಇದು ಪೂರ್ವಗ್ರಹವಲ್ಲವೇ?
*ಮನಾಮಾದಿಂದ ಓದುಗರು*

ಅಲ್ಲ. ಅಲ್ಲಿನ 1989ರ 21ನೇ ಕಾನೂನಿನಂತೆ ಸಂಘಕ್ಕೆ ಸರ್ಕಾರದ ಪರವಾನಗಿ ಬೇಕು, ಸಂಘಗಳು ರಾಜಕೀಯಕ್ಕೆ ಕೈ ಹಾಕುವಂತಿಲ್ಲ. ರಾಜ್ಯೋತ್ಸವ, ಯಕ್ಷಗಾನಕ್ಕೆ ಯಾವ ಅಡ್ಡಿಯೂ ಇಲ್ಲ. ಸೂಚ್ಯಂಕ ಕೇಳುವುದು ಸಂಬಳ ಸಿಗದ ಕಾರ್ಮಿಕರ ಪರ ಅದೇ ಸಂಘ ಬಹಿರಂಗ ಸಭೆ ಮಾಡಬಹುದೇ ಎಂದು.

ನಾಗರಿಕ ಸಮಾಜ ಬಲವಾಗಿದ್ದರೆ ಪ್ರಜಾಪ್ರಭುತ್ವ ಸುರಕ್ಷಿತ ಎಂದು ಪಠ್ಯದಲ್ಲಿದೆ. ಹೌದೇ?
*ಪಿಯುಸಿ ವಿದ್ಯಾರ್ಥಿನಿ, ಮೈಸೂರು*

ಪರೀಕ್ಷೆಯಲ್ಲಿ ಹೌದು ಎಂದು ಬರೆಯಿರಿ, ಕೆಳಗೆ ಮೂರು ಸಾಲು ಸೇರಿಸಿ.

1920ರ ದಶಕದ ಜರ್ಮನಿಯಲ್ಲಿ ಹಾಡುವ ಸಂಘ, ವ್ಯಾಯಾಮ ಸಂಘ, ಮಾಜಿ ಸೈನಿಕರ ಸಂಘ ಬೀದಿಗೊಂದಿದ್ದವು. ಆದರೆ ಕ್ಯಾಥೊಲಿಕರದು ಬೇರೆ, ಸಮಾಜವಾದಿಗಳದು ಬೇರೆ, ಮಧ್ಯಮ ವರ್ಗದ್ದು ಬೇರೆ. ನಾಜಿಗಳು ಆ ಸಂಘಗಳ ಜಾಲದೊಳಗೇ ನುಗ್ಗಿ ಊರೂರಿಗೆ ತಲುಪಿದರು. ಸಂಘಗಳು ಹೆಚ್ಚಿದ್ದು ಅಲ್ಲಿ ಅವರಿಗೇ ಅನುಕೂಲವಾಯಿತು. ಭಾರತದ ಆರು ನಗರಗಳನ್ನು ಜೋಡಿಜೋಡಿಯಾಗಿ ಹೋಲಿಸಿದ ಅಧ್ಯಯನವೊಂದರಲ್ಲಿ ಶಾಂತವಾಗಿದ್ದ ಕಲ್ಲಿಕೋಟೆ ಮತ್ತು ಗಲಭೆಗಳಾಗುತ್ತಿದ್ದ ಅಲಿಗಢ ಒಂದು ಜೋಡಿ. ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳಲ್ಲಿ ಹಿಂದೂ-ಮುಸ್ಲಿಮರು ಒಟ್ಟಿಗಿದ್ದ ಕಲ್ಲಿಕೋಟೆಯಲ್ಲಿ ವದಂತಿ ಗಲಭೆಯಾಗದೆ ತಣ್ಣಗಾಗುತ್ತಿತ್ತು. ಹೀಗಾಗಿ ಸಂಘದ ಬೈಲಾದಲ್ಲಿ ಸದಸ್ಯತ್ವದ ಕಲಂ ಓದಿ: ಯಾರು ಸೇರಬಹುದು? ನಮ್ಮ ಜಾತಿ ಸಂಘಗಳು ಹಾಸ್ಟೆಲ್ ಕಟ್ಟಿ ಬಡ ಮಕ್ಕಳನ್ನು ಓದಿಸಿದ್ದು ದೊಡ್ಡ ಕೆಲಸ. ಆದರೆ ‘ಬೇರೆಯವರೊಡನೆ ಕೂಡಿ ಕೆಲಸ’ ಎಂಬ ಕಲಂನಲ್ಲಿ ಅವುಗಳಿಗೆ ಅಂಕ ಕಡಿಮೆಯೇ.

ಮೂರನೆಯದು ಟ್ಯುನಿಸಿಯಾ. 2011ರ ಕ್ರಾಂತಿಯ ನಂತರ ಅಲ್ಲಿ ಅನುಮತಿ ಬೇಡದ, ಘೋಷಣೆ ಮಾತ್ರ ಸಾಕಾದ ಸಂಘ ಕಾನೂನು ಬಂತು. ಕಾರ್ಮಿಕ ಒಕ್ಕೂಟ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕು ಸಂಘ, ವಕೀಲರ ಸಂಘ ನಾಲ್ಕೂ ಸೇರಿ ಜಗಳವಾಡುತ್ತಿದ್ದ ಪಕ್ಷಗಳನ್ನು ಮಾತುಕತೆಗೆ ಕೂರಿಸಿ 2015ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವು. ಆಗ ಅಳೆದಿದ್ದರೆ ಆ ವಜ್ರದ ನಕ್ಷೆಯ ನಾಲ್ಕು ಮೂಲೆಗೂ ಒಳ್ಳೆಯ ಅಂಕ. 2021ರ ಜುಲೈಯಲ್ಲಿ ಅಧ್ಯಕ್ಷರು ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಅದನ್ನು ತಡೆಯಲು ಇವುಗಳಿಂದ ಆಗಲಿಲ್ಲ. ಪಕ್ಷಗಳ ಮೇಲೆ ಬೇಸತ್ತಿದ್ದ ಜನರಲ್ಲಿ ಹಲವರು ಮೊದಮೊದಲು ಅದನ್ನು ಸ್ವಾಗತಿಸಿದರು ಕೂಡ.

ವರದಿ ಬರೆದ ಮೇಲೆ ಏನು ಮಾಡಬೇಕು? ಎಷ್ಟು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು?
*ಅದೇ ಶಿರಸಿಯ ಶಿಕ್ಷಕರು*

ಅಚ್ಚು ಹಾಕಿಸುವ ಮೊದಲು ಭೇಟಿ ಕೊಟ್ಟ ಸಂಘಗಳನ್ನು ಕರೆದು ಅಂಕ ತೋರಿಸಿ. ತಪ್ಪಿದೆ ಎಂದರೆ ಕಾಗದ ತರಲು ಹದಿನೈದು ದಿನ ಕೊಡಿ. ಒಂದೊಂದು ಸಂಘದ ಹೆಸರು ಹಾಕಿ ಮೊದಲನೇ ಸ್ಥಾನ, ಕೊನೆಯ ಸ್ಥಾನ ಎಂದು ಪ್ರಕಟಿಸಬೇಡಿ. ಮುಂದಿನ ಸಲ ಯಾರೂ ನಡಾವಳಿ ಪುಸ್ತಕ ತೆಗೆದು ತೋರಿಸುವುದಿಲ್ಲ. ತಾಲ್ಲೂಕಿನ ಒಟ್ಟು ಚಿತ್ರ, ನಾಲ್ಕು ಮುಖದ ಅಂಕ, ಹೋಬಳಿವಾರು ವ್ಯತ್ಯಾಸ ಇಷ್ಟು ಸಾಕು.

ಮೂರು ವರ್ಷ ಬಿಟ್ಟು ಅದೇ 60 ವಿಳಾಸ, ಅದೇ ಪ್ರಶ್ನೆ, ಅದೇ ಅಂಕದ ಮೆಟ್ಟಿಲು ಇಟ್ಟುಕೊಂಡು ಮತ್ತೆ ಹೋಗಿ. ಪ್ರಶ್ನೆ ಸುಧಾರಿಸಬೇಕೆನಿಸಿದರೆ ಹೊಸದನ್ನು ಕೊನೆಯಲ್ಲಿ ಸೇರಿಸಿ, ಹಳೆಯದನ್ನು ತಿದ್ದಬೇಡಿ. ಅಷ್ಟರಲ್ಲಿ ಮುಚ್ಚಿದ ಸಂಘಗಳನ್ನು ಪಟ್ಟಿಯಿಂದ ತೆಗೆಯಬಾರದು. ಬದುಕಿರುವವರ ಸರಾಸರಿ ಮಾತ್ರ ತೆಗೆದರೆ, ಅರ್ಧ ಸಂಘಗಳು ಸತ್ತ ತಾಲ್ಲೂಕಿಗೂ ಮೊದಲಿಗಿಂತ ಹೆಚ್ಚು ಅಂಕ ಬಂದುಬಿಡುತ್ತದೆ.